ದನಗಳ ಪಿಡುಗು ಮತ್ತು ಹಳ್ಳಿಯ ಬಾಳು

‘ದನ’ವೆಂಬ ಕನ್ನಡದ ಮಾತು ‘ಧನ’ವೆಂಬ ಸಂಸ್ಕೃತ ಶಬ್ದದ ತದ್ಭವವೆಂದು ಪಂಡಿತರು ಹೇಳುವುದುಂಟು. ಲ್ಯಾಟಿನ್ ಭಾಷೆಯಲ್ಲಿಯೂ ಹಣವನ್ನು ಸೂಚಿಸುವ ‘ಪೆಕೂನಿಯ’ ಎಂಬ ಶಬ್ದವು ಜಾನುವಾರು ಎಂಬ ಅರ್ಥದ ‘ಪೆಕುಸ್’ ಎಂಬುದರಿಂದ ಹುಟ್ಟಿದುದಾಗಿದೆ. ಒಂದಕ್ಕೊಂದು ಬಹು ದೂರವಾದ ನಾಡುಗಳ ಜನರು ಸಂಪತ್ತಿಗೆ ಕಂಡುಕೊಂಡ ಮೊದಲ ಅಳತೆಗೋಲು ಒಂದೇ ಆಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ. ಕನ್ನಡ ನಾಡಿನ ಹಳ್ಳಿಗಳಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಅನೇಕವು ತುರುಗಾಳಗದಲ್ಲಿ, ಎಂದರೆ ಶತ್ರುಗಳು ಹಿಡಿದೊಯ್ದ ಊರ ದನಗಳನ್ನು ಬಿಡಿಸಿ ತರುವ ಹೋರಾಟದಲ್ಲಿ, ಮಡಿದವರ ಸ್ಮಾರಕಗಳು. ದನ ಕಾಯುವುದನ್ನೇ ಕಾಯಕವಾಗಿ ಕೈಕೊಂಡ ತುರುಗಾಹಿ ರಾಮಣ್ಣನವರು ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಗೌರವದ ಸ್ಥಾನವನ್ನು ಪಡೆದರು. ದನವನ್ನು ಕಾಯುವವನನ್ನೂ ದನಕ್ಕಾಗಿ ಪ್ರಾಣ ಕೊಟ್ಟವನನ್ನೂ ಈ ನಾಡು ಮರೆಯಲಿಲ್ಲ.

ಕಳ್ಳರಿಂದ ದನವನ್ನು ಬಿಡಿಸಿ ತರಲು ಊರಿನಲ್ಲಿ ವೀರನಿದ್ದ; ಹುಲಿಯನ್ನು ಅಟ್ಟಲು ಕೂಗಿದರೆ ಓಡಿಬರುವ ನೆರೆಹೊರೆಯವರಿದ್ದರು. ಆದರೆ ಕಣ್ಣಿಗೆ ಕಾಣದೆ ಕೊಟ್ಟಿಗೆಯೊಳಕ್ಕೆ ನುಗ್ಗಿ, ನಿನ್ನೆ ಮೇಯುತ್ತಿದ್ದ ಎತ್ತನ್ನು ಇಂದು ನೆಲಕ್ಕೆ ಕೆಡವುವ ರೋಗದ ಮುಂದೆ ಈ ಶೌರ್ಯವು ನಡೆಯುವಂತಿರಲಿಲ್ಲ. ಆ ಶತ್ರುವನ್ನು ಎದುರಿಸಲು ಬೇರೆ ಬಗೆಯ ಒಗ್ಗಟ್ಟು ಬೇಕಾಯಿತು. ದನಗಳ ಪಿಡುಗುಗಳು ಗ್ರಾಮಜೀವನವನ್ನು ಹೇಗೆ ಕದಡುತ್ತವೆ, ಒಂದು ಮಹಾಪಿಡುಗು ಭೂಮಿಯಿಂದಲೇ ಅಳಿದುಹೋದುದು ಹೇಗೆ, ಉಳಿದ ಪಿಡುಗುಗಳು ಏಕೆ ಅಳಿಯುತ್ತಿಲ್ಲ ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿವೇಚಿಸಲಾಗಿದೆ.

ಹಳ್ಳಿ ಬಲ್ಲ ಬೇನೆಗಳು

ವೈದ್ಯವಿಜ್ಞಾನವು ಹಳ್ಳಿಗೆ ಕಾಲಿಡುವ ಮೊದಲೇ ಒಕ್ಕಲಿಗನು ದನಗಳ ಬೇನೆಗಳನ್ನು ಗುರುತಿಸಿ ಹೆಸರಿಟ್ಟಿದ್ದನು. ಬಾಯಿಯಲ್ಲಿ ಹುಣ್ಣು, ಕಣ್ಣು ಮೂಗುಗಳಲ್ಲಿ ಸೋರಿಕೆ, ಬಳಿಕ ತಡೆಯಲಾಗದ ಭೇದಿ ಇವುಗಳಿಂದ ವಾರದೊಳಗೆ ಕೊಲ್ಲುತ್ತಿದ್ದುದು ದೊಡ್ಡರೋಗ. ಪಾಶ್ಚಾತ್ಯರು ಇದನ್ನು ರಿಂಡರ್‌ಪೆಸ್ಟ್ ಎಂದು ಕರೆದರು. ಗಂಟಲು ಬಾತು ಉಸಿರು ಕಟ್ಟಿಸುವುದು ಗಳಲೆ ರೋಗ. ಎಳೆಯ, ಕೊಬ್ಬಿದ ಕರುಗಳ ತೊಡೆ ಭುಜಗಳು ಊದಿ ಕುಂಟು ಬಿದ್ದು ಸಾಯುವುದು ಚಪ್ಪೆರೋಗ. ಇದ್ದಕ್ಕಿದ್ದಂತೆ ಬಿದ್ದು ಸತ್ತು ಮೂಗು ಗುದದ್ವಾರಗಳಲ್ಲಿ ಕಪ್ಪು ರಕ್ತ ಒಸರುವುದು ನೆರಡಿ ರೋಗ. ಬಾಯಿಯಲ್ಲಿಯೂ ಗೊರಸಿನ ಸಂದಿನಲ್ಲಿಯೂ ಗುಳ್ಳೆಗಳೆದ್ದು ಒಡೆಯುವುದು ಕಾಲುಬಾಯಿ ಬೇನೆ. ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುವುದು ಕಂದುರೋಗ.

ಈ ಹೆಸರುಗಳಲ್ಲಿ ತಲೆಮಾರುಗಳ ನೋವು ಅಡಗಿದೆ. ಇವುಗಳಲ್ಲಿ ಕೆಲವು ಮಳೆ ಬಿದ್ದೊಡನೆ ಬರುವುವೆಂಬುದೂ ಹಳ್ಳಿಗನಿಗೆ ತಿಳಿದಿತ್ತು. ನೆರಡಿ ಮತ್ತು ಚಪ್ಪೆರೋಗಗಳ ಬೀಜಾಣುಗಳು ಮಣ್ಣಿನಲ್ಲಿ ಹಲವು ವರ್ಷ ಸಾಯದೆ ಉಳಿದು ಮೇವಿನೊಡನೆ ಹೊಟ್ಟೆ ಸೇರುತ್ತವೆ ಎಂಬ ಕಾರಣವನ್ನು ವಿಜ್ಞಾನವು ಬಳಿಕ ತಿಳಿಸಿತು. ನೆರಡಿಯಿಂದ ಸತ್ತ ದನವನ್ನು ಕೊಯ್ದವರಿಗೂ ಆ ರೋಗ ತಗಲುತ್ತದೆ. ಆದುದರಿಂದ ಅಂತಹ ಹೆಣವನ್ನು ಸೀಳದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕೆಂಬುದು ಇಂದಿಗೂ ಪಾಲಿಸಬೇಕಾದ ನಿಯಮ.

ಆದರೆ ತಿಳಿವು ಬೇರೆ, ತಡೆಯುವ ಸಾಧನ ಬೇರೆ. ಸಾಧನವಿಲ್ಲದ ಕಾಲದಲ್ಲಿ ಜನರು ಊರ ಗಡಿಯಲ್ಲಿ ಮಾರಿಯನ್ನು ಪೂಜಿಸಿದರು; ದನಗಳಿಗೆ ಬರೆ ಹಾಕಿದರು; ಕೆಲವೆಡೆ ಊರನ್ನೇ ತೊರೆದು ಹೊರಬೀಡು ಹೋದರು. ಇದನ್ನು ಮೂಢತನವೆಂದು ನಗುವುದು ಸುಲಭ. ಬೇರೆ ಯಾವ ದಾರಿಯೂ ಇಲ್ಲದವರು ಕೈಗೆ ಸಿಕ್ಕ ದಾರಿಯನ್ನು ಹಿಡಿದರೆಂಬುದನ್ನು ನೆನೆಯುವುದು ನ್ಯಾಯ.

ಎತ್ತು ಸತ್ತ ಮನೆ

ಒಂದು ಎತ್ತು ಸತ್ತರೆ ಆಗುವ ನಷ್ಟವನ್ನು ಸಂತೆಯ ಬೆಲೆಯಿಂದ ಅಳೆಯುವುದು ವಾಡಿಕೆ. ಈ ಅಳತೆ ಸಾಲದು. ಒಣ ಬೇಸಾಯದ ಸೀಮೆಯಲ್ಲಿ ಮಳೆ ಬಿದ್ದ ಬಳಿಕ ಭೂಮಿ ಹದದಲ್ಲಿರುವುದು ಕೆಲವೇ ದಿನ. ಆ ದಿನಗಳೊಳಗೆ ಹರಗಿ, ಕೂರಿಗೆ ಹೂಡಿ, ಬೀಜ ಬಿತ್ತಿ ಮುಗಿಸಬೇಕು. ಜೋಡಿಯಲ್ಲಿ ಒಂದು ಎತ್ತು ಬಿದ್ದರೆ ಉಳಿದ ಒಂದಕ್ಕೆ ನೊಗವಿಲ್ಲ. ಹೀಗಾಗಿ ಒಂದರ ಸಾವು ಎರಡರ ದುಡಿಮೆಯನ್ನು ಕಳೆಯುತ್ತದೆ. ಬೇರೆ ಕಾಲದಲ್ಲಾದರೆ ನೆರೆಯವರ ಎತ್ತನ್ನು ಮುಯ್ಯಿಗೆ ಪಡೆಯಬಹುದು. ಒಂಟಿ ಎತ್ತಿನ ಇಬ್ಬರು ಸಣ್ಣ ರೈತರು ಒಟ್ಟಾಗಿ ಒಂದು ಜೋಡಿ ಮಾಡಿಕೊಳ್ಳುವ ಪದ್ಧತಿಯೂ ಉಂಟು. ಪಿಡುಗಿನ ವರ್ಷದಲ್ಲಿ ಈ ಸಹಕಾರವೇ ಮುರಿದುಬೀಳುತ್ತದೆ. ಏಕೆಂದರೆ ನೆರೆಮನೆಯ ಕೊಟ್ಟಿಗೆಯೂ ಬರಿದಾಗಿರುತ್ತದೆ, ಬರಿದಾಗದ ಮನೆಯವನು ರೋಗ ತಗಲೀತೆಂದು ತನ್ನ ಎತ್ತನ್ನು ಹೊರಗೆ ಬಿಡುವುದಿಲ್ಲ. ಬಾಡಿಗೆಯ ದರ ಏರುತ್ತದೆ. ಹದ ಆರುತ್ತದೆ.

ತಡವಾಗಿ ಬಿತ್ತಿದ ಪೈರು ಕಡಿಮೆ ಕಾಳು ಕೊಡುತ್ತದೆ, ಮೇವನ್ನೂ ಕಡಿಮೆ ಕೊಡುತ್ತದೆ. ಮೇವು ಕಡಿಮೆಯಾದಲ್ಲಿ ಬದುಕಿ ಉಳಿದ ದನಗಳೂ ಸೊರಗುತ್ತವೆ. ದನ ಕಡಿಮೆಯಾದಲ್ಲಿ ತಿಪ್ಪೆ ತುಂಬುವುದಿಲ್ಲ. ಗೊಬ್ಬರ ಕಾಣದ ಹೊಲ ಮುಂದಿನ ವರ್ಷವೂ ಬಡವಾಗುತ್ತದೆ. ಹೊಸ ಎತ್ತಿಗಾಗಿ ಮಾಡಿದ ಸಾಲದ ಬಡ್ಡಿ ಈ ಎಲ್ಲದರ ಮೇಲೆ ಕೂಡುತ್ತದೆ. ಹೀಗೆ ಒಂದು ವಾರದ ಬೇನೆ ಮೂರು ನಾಲ್ಕು ವರ್ಷಗಳ ಬಡತನವಾಗಿ ಪರಿಣಮಿಸುತ್ತದೆ.

ಬರಗಾಲಕ್ಕೂ ಪಿಡುಗಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಬರದಲ್ಲಿ ರೈತನು ದನವನ್ನು ಅಗ್ಗಕ್ಕಾದರೂ ಮಾರಿ ನಾಲ್ಕು ಕಾಸು ಕಾಣುತ್ತಾನೆ. ಬೇನೆ ಬಿದ್ದ ಊರಿನ ದನವನ್ನು ಕೊಳ್ಳುವವರೇ ಇಲ್ಲ. ಬರದ ಬಳಿಕ ಮಳೆ ಬಂದರೆ ಆಸೆ ಮರಳುತ್ತದೆ. ಪಿಡುಗಿನ ಬಳಿಕ ಮಳೆ ಬಂದರೂ ಉಳುವ ಕಾಲುಗಳಿಲ್ಲ. ಹಸಿದ ಹೊಟ್ಟೆಗಿಂತ ಹಸಿಯಾದ ಹೊಲವೇ ಆಗ ರೈತನನ್ನು ಹೆಚ್ಚು ಕಾಡುತ್ತದೆ.

ನಷ್ಟವು ದನದ ಒಡೆಯನಲ್ಲಿಯೇ ನಿಲ್ಲುವುದೂ ಇಲ್ಲ. ಕಣದಲ್ಲಿ ರಾಶಿಯಾದಾಗ ಬಡಿಗ, ಕಮ್ಮಾರ, ಅಗಸ, ನಾವಿದ ಮೊದಲಾದ ಆಯಗಾರರಿಗೆ ಕಾಳು ಅಳೆಯುತ್ತಿದ್ದ ಕಾಲದಲ್ಲಿ, ರಾಶಿ ಕುಗ್ಗಿದರೆ ಅವರ ಆಯವೂ ಕುಗ್ಗುತ್ತಿತ್ತು. ಬಿತ್ತನೆ ನಿಂತರೆ ಕಳೆ ಕೀಳುವ, ಕೊಯ್ಯುವ ಕೂಲಿಯವರಿಗೆ ಕೆಲಸವಿಲ್ಲ. ಇನ್ನೊಬ್ಬರ ಕಡಸನ್ನು ಪಾಲಿಗೆ ಸಾಕಿ, ಕರುವಿನಲ್ಲಿ ಪಾಲು ಪಡೆದು ತಾನೂ ಒಂದು ದನದ ಒಡೆಯನಾಗಬೇಕೆಂದು ಕಾದಿದ್ದ ಭೂಹೀನನ ಏಣಿ ಮುರಿಯುತ್ತದೆ. ಹಾಲು, ಮಜ್ಜಿಗೆ, ತುಪ್ಪ, ಕುಳ್ಳುಗಳಿಂದ ಬರುವ ಚಿಲ್ಲರೆ ಹಣವು ಮನೆಯ ಹೆಣ್ಣುಮಗಳ ಕೈಯಲ್ಲಿರುವ ಏಕೈಕ ಸ್ವತಂತ್ರ ಆದಾಯವಾಗಿರುವುದು ಅನೇಕ ಮನೆಗಳಲ್ಲಿ ಕಂಡುಬರುತ್ತದೆ. ತವರಿನಿಂದ ಬಳುವಳಿಯಾಗಿ ಬಂದ ಹಸು ಸತ್ತಾಗ ಆಕೆ ಕಳೆದುಕೊಳ್ಳುವುದು ಹಾಲನ್ನಷ್ಟೇ ಅಲ್ಲ. ಮಕ್ಕಳ ಬಟ್ಟಲಿನ ಹಾಲು, ಪುಸ್ತಕದ ಹಣ, ಒಮ್ಮೊಮ್ಮೆ ಶಾಲೆಯೇ ಈ ಸರಪಳಿಯ ಕೊನೆಯ ಕೊಂಡಿಗಳಾಗುತ್ತವೆ.

ಪಿಡುಗು ಊರಿನ ಮನಸ್ಸನ್ನೂ ಕೆಡಿಸುತ್ತದೆ. ರೋಗದ ಕಾರಣ ತಿಳಿಯದಿದ್ದಾಗ ಸಂಶಯವು ದುರ್ಬಲರ ಮೇಲೆ ಬೀಳುತ್ತದೆ. 19ನೆಯ ಶತಮಾನದಲ್ಲಿ ಉತ್ತರ ಭಾರತದ ಹಲವೆಡೆ ದನಗಳು ಸತ್ತಾಗ, ಚರ್ಮದ ಆಸೆಗೆ ವಿಷವಿಕ್ಕಿದರೆಂಬ ಆರೋಪವನ್ನು ಚರ್ಮದ ಕಾಯಕದವರ ಮೇಲೆ ಹೊರಿಸಿ ಅವರನ್ನು ಪೀಡಿಸಿದುದು ಇತಿಹಾಸದಲ್ಲಿ ದಾಖಲಾಗಿದೆ. ಸತ್ತ ದನವನ್ನು ಹೊತ್ತು ಸಾಗಿಸಿ, ರೋಗ ತಗಲುವ ಅಪಾಯಕ್ಕೆ ಎಲ್ಲರಿಗಿಂತ ಮೊದಲು ಮೈಯೊಡ್ಡಿದವರೇ ಅಪರಾಧಿಗಳೆನಿಸಿಕೊಂಡರು. ಅಜ್ಞಾನವು ಅನ್ಯಾಯಕ್ಕೆ ದಾರಿಯಾಗುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ದೊಡ್ಡರೋಗದ ದಾಳಿ

ಮೇಲೆ ಹೇಳಿದ ಸರಪಳಿಯು ಒಂದು ದೇಶವನ್ನೇ ಹೇಗೆ ಕೆಡವಬಲ್ಲದೆಂಬುದಕ್ಕೆ ಇಥಿಯೋಪಿಯದ ಕಥೆ ಸಾಕ್ಷಿ. 1887ರ ಸುಮಾರಿಗೆ ಕೆಂಪು ಸಮುದ್ರದ ಮಸ್ಸಾವಾ ಬಂದರಿಗೆ ಇಟಲಿಯ ಸೈನ್ಯಕ್ಕಾಗಿ ತಂದ ದನಗಳೊಡನೆ ದೊಡ್ಡರೋಗವು ಆಫ್ರಿಕದ ಆ ಭಾಗವನ್ನು ಹೊಕ್ಕಿತು. ಆ ದನಗಳು ಭಾರತದಿಂದ ಹೋದವೆಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಆ ರೋಗವನ್ನು ಹಿಂದೆಂದೂ ಕಂಡರಿಯದ ಆ ನಾಡಿನ ಜಾನುವಾರುಗಳಲ್ಲಿ ಬಹುಪಾಲು ಅಳಿದವು. ಎತ್ತುಗಳಿಲ್ಲದೆ ಉಳುಮೆ ನಿಂತಿತು. ಅದರೊಡನೆ ಅನಾವೃಷ್ಟಿಯೂ ಕೂಡಿ 1888ರಿಂದ 1892ರವರೆಗೆ ಘೋರ ಕ್ಷಾಮ ಬಿದ್ದು, ಜನಸಂಖ್ಯೆಯ ಮೂರನೆಯ ಒಂದು ಭಾಗದಷ್ಟು ಜನರು ಮಡಿದಿರಬಹುದೆಂದು ಅಂದಾಜು ಮಾಡಲಾಗಿದೆ. ರೋಗವು ಅಲ್ಲಿಗೆ ನಿಲ್ಲದೆ ದಕ್ಷಿಣಕ್ಕೆ ಸಾಗಿ, ಹತ್ತು ವರ್ಷಗಳೊಳಗೆ ಆಫ್ರಿಕ ಖಂಡದ ದಕ್ಷಿಣ ತುದಿಯನ್ನು ಮುಟ್ಟಿತು. ಮನುಷ್ಯನಿಗೆ ತಗಲದ ರೋಗವೊಂದು ಲಕ್ಷಾಂತರ ಮನುಷ್ಯರನ್ನು ಕೊಂದಿತು.

ಭಾರತದಲ್ಲಿ ಈ ರೋಗವು ಬಹು ಕಾಲದಿಂದ ನೆಲೆನಿಂತಿತ್ತು. ಇಲ್ಲಿಯ ದನಗಳಲ್ಲಿ ಕೆಲಮಟ್ಟಿನ ತಡೆಶಕ್ತಿ ಬೆಳೆದಿದ್ದರೂ ಹಾನಿಗೆ ಕಡಿಮೆಯಿರಲಿಲ್ಲ. ಈ ವಿಷಯವನ್ನು ವಿಚಾರಿಸಲು ನೇಮಕವಾದ ಆಯೋಗವು 1871ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಪ್ರಯೋಗಶಾಲೆಯು ಆರಂಭವಾಯಿತು. ಸೋಂಕಿನ ರೋಗಗಳ ಮೇಲೆ ಪ್ರಯೋಗ ಮಾಡಲು ಜನವಸತಿಯಿಂದ ದೂರವಾದ ತಂಪು ಸ್ಥಳ ಬೇಕಾದುದರಿಂದ 1893ರಲ್ಲಿ ಅದನ್ನು ಹಿಮಾಲಯದ ತಪ್ಪಲಿನ ಮುಕ್ತೇಶ್ವರಕ್ಕೆ ಸಾಗಿಸಲಾಯಿತು. ಅದೇ ಮುಂದೆ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಕ್ಷಯರೋಗದ ಜೀವಾಣುವನ್ನು ಕಂಡುಹಿಡಿದ ಜರ್ಮನಿಯ ರಾಬರ್ಟ್ ಕಾಕ್‌ನು 1897ರಲ್ಲಿ ಮುಕ್ತೇಶ್ವರಕ್ಕೆ ಬಂದು ದೊಡ್ಡರೋಗದ ಬಗೆಗೆ ಸಲಹೆ ನೀಡಿದನು. ಮೈಸೂರು ಸಂಸ್ಥಾನವು 1925ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿದುದೂ ಮುಖ್ಯವಾಗಿ ಈ ರೋಗದ ನಿವಾರಣೆಗಾಗಿಯೇ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯು ಅದರ ಮುಂದುವರಿಕೆ.

ಬ್ರಿಟನ್ ದೇಶವು 1865ರಲ್ಲಿ ಬಂದ ಪಿಡುಗನ್ನು ರೋಗ ತಗಲಿದ ದನಗಳನ್ನು ಕೊಂದು, ಸಾಗಾಟವನ್ನು ನಿಲ್ಲಿಸಿ ಹತ್ತಿಕ್ಕಿತು. ದನವನ್ನು ಮನೆಯ ಒಬ್ಬರಂತೆ ಕಾಣುವ ಭಾರತದಲ್ಲಿ ಈ ಮಾರ್ಗ ಸಾಧ್ಯವಿರಲಿಲ್ಲ. ಇಲ್ಲಿಯ ದಾರಿ ಲಸಿಕೆಯೊಂದೇ. ಮುಕ್ತೇಶ್ವರದಲ್ಲಿ ಜೆ. ಟಿ. ಎಡ್ವರ್ಡ್ಸ್ ಎಂಬ ವಿಜ್ಞಾನಿಯು 1920ರ ದಶಕದಲ್ಲಿ ರೋಗದ ವಿಷಾಣುವನ್ನು ಆಡಿನಿಂದ ಆಡಿಗೆ ಹಾಯಿಸುತ್ತ ದುರ್ಬಲಗೊಳಿಸಿ, ದನಗಳಿಗೆ ರಕ್ಷಣೆ ಕೊಡುವ ಲಸಿಕೆಯನ್ನು ಸಿದ್ಧಪಡಿಸಿದನು. 1960ರ ಸುಮಾರಿಗೆ ಕೀನ್ಯದಲ್ಲಿ ವಾಲ್ಟರ್ ಪ್ಲೌರೈಟ್ ಮತ್ತು ಆತನ ಸಹೋದ್ಯೋಗಿಗಳು ಜೀವಕೋಶಗಳಲ್ಲಿ ಬೆಳೆಸಿದ ಇನ್ನೂ ಸುರಕ್ಷಿತವಾದ ಲಸಿಕೆಯನ್ನು ಕಂಡುಹಿಡಿದರು. ಒಂದೇ ಚುಚ್ಚುಮದ್ದು ದನಕ್ಕೆ ಬಾಳಿನುದ್ದಕ್ಕೂ ರಕ್ಷಣೆ ನೀಡುತ್ತಿತ್ತು.

ಒಂದು ರೋಗದ ಅಂತ್ಯ

ಭಾರತ ಸರ್ಕಾರವು 1954ರಲ್ಲಿ ದೊಡ್ಡರೋಗ ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ಕೋಟಿಗಟ್ಟಲೆ ದನಗಳಿಗೆ ಲಸಿಕೆ ಹಾಕಲಾಯಿತು. ರೋಗದ ಹಾವಳಿ ಬಹುವಾಗಿ ತಗ್ಗಿತು. ಆದರೂ ಮೂರು ನಾಲ್ಕು ದಶಕಗಳಾದರೂ ಅದು ಪೂರ್ಣವಾಗಿ ಅಳಿಯಲಿಲ್ಲ. ಲಸಿಕೆ ಮುಟ್ಟದ ಮೂಲೆಗಳು ಉಳಿದಿದ್ದವು. ಊರಿಂದೂರಿಗೆ ಸಾಗುವ ಹಿಂಡುಗಳೊಡನೆ, ಸಂತೆಗೆ ಬರುವ ದನಗಳೊಡನೆ ರೋಗವು ಮತ್ತೆ ಮತ್ತೆ ತಲೆಯೆತ್ತುತ್ತಿತ್ತು. ನೂರು ದನಗಳಲ್ಲಿ ಎಂಬತ್ತಕ್ಕೆ ಲಸಿಕೆ ಹಾಕಿದೆವೆಂಬ ಲೆಕ್ಕವು ಕಾಗದದ ಮೇಲೆ ಸಮಾಧಾನ ಕೊಡಬಹುದು. ಆದರೆ ಲಸಿಕೆ ಕಾಣದ ದನಗಳೆಲ್ಲ ಒಂದೇ ಹಟ್ಟಿಯಲ್ಲಿ, ಒಂದೇ ಹಿಂಡಿನಲ್ಲಿದ್ದರೆ ರೋಗಕ್ಕೆ ಅಷ್ಟು ನೆಲೆ ಸಾಕಾಗಿತ್ತು.

1992ರಲ್ಲಿ ಯುರೋಪಿಯನ್ ಸಮುದಾಯದ ನೆರವಿನಿಂದ ಹೊಸ ರಾಷ್ಟ್ರೀಯ ಯೋಜನೆಯು ಜಾರಿಗೆ ಬಂದಾಗ ಕ್ರಮವನ್ನು ಬದಲಾಯಿಸಲಾಯಿತು. ಲಸಿಕೆ ಹಾಕುವುದರೊಡನೆ ರೋಗವನ್ನು ಹುಡುಕುವುದಕ್ಕೂ ಪ್ರಾಮುಖ್ಯ ದೊರೆಯಿತು. ಸಿಬ್ಬಂದಿಯು ಹಳ್ಳಿಹಳ್ಳಿಗೆ ಹೋಗಿ, ಬಾಯಿಹುಣ್ಣು ಭೇದಿಗಳಿಂದ ದನ ಸತ್ತಿದೆಯೇ ಎಂದು ಮನೆಮನೆಯಲ್ಲಿ ವಿಚಾರಿಸಿದರು. ದನಗಳು ಸಾಗುವ ದಾರಿಗಳನ್ನೂ ಸಂತೆಗಳನ್ನೂ ಶೋಧಿಸಿದರು. ರಕ್ತದ ಮಾದರಿಗಳನ್ನು ಪರೀಕ್ಷಿಸಿದರು. ದೇಶದ ಕೊನೆಯ ಪ್ರಕರಣವು 1995ರಲ್ಲಿ ತಮಿಳುನಾಡಿನ ಉತ್ತರ ಆರ್ಕಾಟ್ ಪ್ರದೇಶದಲ್ಲಿ ದಾಖಲಾಯಿತು. ಅನಂತರ ಹಂತಹಂತವಾಗಿ ಲಸಿಕೆಯನ್ನೇ ನಿಲ್ಲಿಸಿ, ರಕ್ಷಣೆಯಿಲ್ಲದ ದನಗಳಲ್ಲಿಯೂ ರೋಗ ಮರುಕಳಿಸದೆಂಬುದನ್ನು ವರ್ಷಗಟ್ಟಲೆ ಕಾದು ಸಿದ್ಧಪಡಿಸಲಾಯಿತು. 2006ರಲ್ಲಿ ಭಾರತಕ್ಕೆ ಈ ಸೋಂಕಿನಿಂದ ಮುಕ್ತವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. 2011ರಲ್ಲಿ ದೊಡ್ಡರೋಗವು ಭೂಮಿಯಿಂದಲೇ ನಿರ್ಮೂಲವಾಯಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯೂ ಪ್ರಾಣಿ ಆರೋಗ್ಯದ ಜಾಗತಿಕ ಸಂಸ್ಥೆಯೂ ಸಾರಿದವು. ಸಿಡುಬಿನ ಬಳಿಕ ಮಾನವನ ಪ್ರಯತ್ನದಿಂದ ಅಳಿದ ರೋಗವು ಇದೊಂದೇ.

ಈ ವಿಜಯದಲ್ಲಿ ವಿಜ್ಞಾನಿಯ ಪಾಲೆಷ್ಟೋ ಹಳ್ಳಿಗನ ಪಾಲೂ ಅಷ್ಟೇ ಇದೆ. ತನ್ನ ಕೊಟ್ಟಿಗೆಯ ರೋಗವನ್ನು ಮುಚ್ಚಿಡದೆ ಹೇಳಿದ ಒಕ್ಕಲಿಗನಿಲ್ಲದಿದ್ದರೆ ಶೋಧನೆಯು ಸಾಗುತ್ತಿರಲಿಲ್ಲ. ಇಂದಿನ ತರುಣರಿಗೆ ದೊಡ್ಡರೋಗವೆಂಬ ಹೆಸರೇ ತಿಳಿಯದಿರುವುದು ಆ ಹಿರಿಯರ ಸಾಧನೆಗೆ ಸಂದ ನಿಜವಾದ ಗೌರವ.

ಕೊಲ್ಲದೆ ಕೊಲ್ಲುವ ಬೇನೆ

ಕಾಲುಬಾಯಿ ಬೇನೆಯ ಸ್ವಭಾವ ಬೇರೆ. ಇದು ಬೆಳೆದ ದನವನ್ನು ಕೊಲ್ಲುವುದು ಅಪರೂಪ. ಕರುಗಳು ಮಾತ್ರ ಹೃದಯದ ಸ್ನಾಯು ಕೆಟ್ಟು ಹಠಾತ್ತನೆ ಸಾಯುತ್ತವೆ. ಇದರಿಂದಾಗಿಯೇ ಜನರು ಇದನ್ನು ಹಗುರವಾಗಿ ಕಾಣುವುದುಂಟು. ಆದರೆ ಬಾಯಿ ಹುಣ್ಣಾದ ಹಸು ಮೇವು ಮುಟ್ಟುವುದಿಲ್ಲ. ಹಾಲು ಇಳಿದುಹೋಗುತ್ತದೆ, ಗುಣವಾದ ಬಳಿಕವೂ ಮೊದಲಿನಷ್ಟಕ್ಕೆ ಏರದಿರುವುದುಂಟು. ಗೊರಸು ಒಡೆದ ಎತ್ತು ಬಿತ್ತನೆಯ ಕಾಲದಲ್ಲಿ ಮಲಗುತ್ತದೆ. ಬೇನೆಯಿಂದ ಎದ್ದ ಕೆಲವು ದನಗಳು ಮುಂದೆ ಬಿಸಿಲನ್ನು ತಾಳಲಾರದೆ ಏದುಸಿರು ಬಿಡುತ್ತ, ದುಡಿಮೆಗೆ ಬಾರದೆ ಉಳಿಯುತ್ತವೆ. ಬದುಕಿದ್ದೂ ದುಡಿಯಲಾರದ ದನವನ್ನು ಸಾಕುವ ಭಾರವು ಸತ್ತ ದನದ ನಷ್ಟಕ್ಕಿಂತ ಕಡಿಮೆಯೇನಲ್ಲ.

1970ರ ದಶಕದಿಂದ ಕರ್ನಾಟಕದಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದು, ಮಿಶ್ರತಳಿಯ ಹಸುಗಳು ಮನೆಮನೆಗೆ ಬಂದವು. ಇದರಿಂದ ಸಣ್ಣ ಹಿಡುವಳಿದಾರನ ಕೈಗೆ ನಿಯತವಾದ ಬಟವಾಡೆಯ ಹಣ ಬರತೊಡಗಿತು. ಆದರೆ ಮನೆಯ ಸಂಸಾರವು ಒಂದೆರಡು ಹಸುಗಳ ಕೆಚ್ಚಲಿನ ಮೇಲೆ ನಿಂತಂತೆಯೂ ಆಯಿತು. 2013ರಲ್ಲಿ ರಾಜ್ಯದಲ್ಲಿ ಕಾಲುಬಾಯಿ ಬೇನೆಯು ಉಗ್ರವಾಗಿ ಹಬ್ಬಿ, ಸಾವಿರಾರು ದನಗಳು ಸತ್ತಾಗ ಈ ಹೊಸ ಅವಲಂಬನದ ಇನ್ನೊಂದು ಮುಖವು ಕಾಣಿಸಿತು. ಹಸುವಿಗಾಗಿ ಮಾಡಿದ ಸಾಲ ಉಳಿದಿತ್ತು, ಹಸು ಉಳಿದಿರಲಿಲ್ಲ.

ಈ ಬೇನೆಯ ಲಸಿಕೆಯು ದೊಡ್ಡರೋಗದ ಲಸಿಕೆಯಂತೆ ಬಾಳಿನುದ್ದಕ್ಕೂ ಕಾಯುವುದಿಲ್ಲ. ವಿಷಾಣುವಿನಲ್ಲಿ ಹಲವು ಬಗೆಗಳಿದ್ದು, ಭಾರತದಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಮುಖ್ಯವಾದುವು. ಆದುದರಿಂದ ಆರು ತಿಂಗಳಿಗೊಮ್ಮೆ ಲಸಿಕೆಯನ್ನು ಮರಳಿ ಹಾಕಬೇಕು. ಲಸಿಕೆಯನ್ನು ತಯಾರಿಸಿದ ಸ್ಥಳದಿಂದ ಕೊಟ್ಟಿಗೆಯವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಸಾಗಿಸಬೇಕು. ದಾರಿಯಲ್ಲಿ ತಂಪು ತಪ್ಪಿದರೆ ಸೂಜಿ ಚುಚ್ಚಿದರೂ ಫಲವಿಲ್ಲ. ಕೇಂದ್ರ ಸರ್ಕಾರವು 2019ರಲ್ಲಿ ಕಾಲುಬಾಯಿ ಬೇನೆ ಮತ್ತು ಕಂದುರೋಗಗಳ ವಿರುದ್ಧ ಐದು ವರ್ಷಗಳಿಗೆ 13,343 ಕೋಟಿ ರೂಪಾಯಿಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ, 2030ರೊಳಗೆ ಇವುಗಳನ್ನು ನಿರ್ಮೂಲಗೊಳಿಸುವ ಗುರಿಯನ್ನಿಟ್ಟುಕೊಂಡಿತು. ಅದೇ ವರ್ಷದ ಜಾನುವಾರು ಗಣತಿಯಂತೆ ದೇಶದಲ್ಲಿ ಸುಮಾರು 19 ಕೋಟಿ ದನಗಳೂ ಸುಮಾರು 11 ಕೋಟಿ ಎಮ್ಮೆ ಕೋಣಗಳೂ ಇದ್ದವು. ವರ್ಷಕ್ಕೆ ಎರಡು ಬಾರಿ ಇಷ್ಟು ಕೊಟ್ಟಿಗೆಗಳ ಬಾಗಿಲಿಗೆ ಹೋಗಬೇಕೆಂದರೆ ಆ ಕಾರ್ಯದ ಅಗಾಧತೆ ಊಹೆಗೆ ನಿಲುಕುತ್ತದೆ.

ಹೊಸ ಪಿಡುಗು, ಹಳೆಯ ಪಾಠ

ಆಫ್ರಿಕದಲ್ಲಿ 1929ರಲ್ಲಿ ಮೊದಲು ಕಾಣಿಸಿಕೊಂಡ ಚರ್ಮಗಂಟು ರೋಗವು ಭಾರತಕ್ಕೆ ಬಂದುದು 2019ರಲ್ಲಿ, ಒಡಿಶಾದಲ್ಲಿ. ಜ್ವರ ಬಂದು, ಮೈತುಂಬ ಗಂಟುಗಳೆದ್ದು, ಕಾಲು ಬಾತು, ಹಾಲು ಬತ್ತುವ ಈ ರೋಗವನ್ನು ಸೊಳ್ಳೆ, ನೊಣ, ಉಣ್ಣೆಗಳು ಹರಡುತ್ತವೆ. ಮನುಷ್ಯರಿಗೆ ಇದು ತಗಲುವುದಿಲ್ಲ. 2022ರಲ್ಲಿ ಗುಜರಾತ್, ರಾಜಸ್ಥಾನಗಳಲ್ಲಿ ಹಬ್ಬಿ, ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಹಾವೇರಿಯೂ ಸೇರಿದಂತೆ ಕರ್ನಾಟಕದ ಅನೇಕ ಜಿಲ್ಲೆಗಳನ್ನು ಮುಟ್ಟಿತು. ದೇಶದಲ್ಲಿ ಆ ವರ್ಷ ಒಂದು ಲಕ್ಷಕ್ಕೂ ಹೆಚ್ಚು ದನಗಳು ಸತ್ತವು. ಈ ರೋಗದ ವಿಷಾಣು ಆಡುಗಳ ಸಿಡುಬಿನ ವಿಷಾಣುವಿಗೆ ಹತ್ತಿರದ್ದಾದುದರಿಂದ ಆಡುಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಲಾಯಿತು. ರಾಜ್ಯದಲ್ಲಿ ದನದ ಸಂತೆಗಳನ್ನೂ ಜಾನುವಾರು ಜಾತ್ರೆಗಳನ್ನೂ ನಿಷೇಧಿಸಲಾಯಿತು.

ಕರ್ನಾಟಕದಲ್ಲಿ ಜಾತ್ರೆಯೆಂದರೆ ತೇರು ಮಾತ್ರವಲ್ಲ. ಸಿದ್ಧಗಂಗೆ, ಸುತ್ತೂರು ಮೊದಲಾದ ಮಠಗಳ ಜಾತ್ರೆಗಳೊಡನೆ ದನಗಳ ಪರಿಷೆಯೂ ಕೂಡುತ್ತದೆ. ಹಳ್ಳಿಕಾರ್ ಮೊದಲಾದ ತಳಿಗಳ ಹೋರಿಗಳಿಗೆ ಬೆಲೆ ಕಟ್ಟುವುದು, ಜೋಡಿ ಹೊಂದಿಸುವುದು, ಸಾಲ ತೀರಿಸಲು ಕರು ಮಾರುವುದು ಎಲ್ಲವೂ ಅಲ್ಲಿಯೇ. ಸಂತೆ ಜಾತ್ರೆಗಳು ನಿಂತಾಗ ರೋಗ ಕಾಣದ ಮನೆಗೂ ರೋಗದ ಪೆಟ್ಟು ತಗಲಿತು. ಮಗಳ ಮದುವೆಗೆಂದು ಸಾಕಿದ ಹೋರಿಯನ್ನು ಕೊಳ್ಳುವವರಿಲ್ಲದಾದರು. ಆದರೂ ಸಾವಿರಾರು ದನಗಳು ಒಂದೆಡೆ ಸೇರಿ, ಬಳಿಕ ನೂರಾರು ಊರುಗಳಿಗೆ ಚದುರುವ ಪರಿಷೆಯನ್ನು ರೋಗದ ವರ್ಷದಲ್ಲಿ ನಡೆಸುವುದು ರೋಗಕ್ಕೆ ರಥ ಕಟ್ಟಿಕೊಟ್ಟಂತೆ. ದನಗಳಿಲ್ಲದೆ ಒಂದು ವರ್ಷ ಜಾತ್ರೆ ನಡೆಸುವುದು ಧರ್ಮಕ್ಕೆ ಕೊರತೆಯಲ್ಲ. ಜೀವದಯೆಯೇ ಧರ್ಮವೆಂದು ನಂಬಿದವರಿಗೆ ಅದು ಕರ್ತವ್ಯ.

ಸತ್ತ ದನಗಳಿಗೆ ರಾಜ್ಯ ಸರ್ಕಾರವು ಎತ್ತಿಗೆ 30,000, ಹಸುವಿಗೆ 20,000, ಕರುವಿಗೆ 5,000 ರೂಪಾಯಿಗಳ ಪರಿಹಾರವನ್ನು ಘೋಷಿಸಿತು. ಒಳ್ಳೆಯ ಜೋಡಿಯ ಬೆಲೆ ಲಕ್ಷ ರೂಪಾಯಿ ಮುಟ್ಟುವ ಕಾಲದಲ್ಲಿ ಇದು ಪೂರ್ಣ ನಷ್ಟವನ್ನು ತುಂಬುವ ಮೊತ್ತವಲ್ಲ. ಆದರೂ ಇದರ ಮಹತ್ವವು ಹಣಕ್ಕಿಂತ ಹಿರಿದಾದ ಇನ್ನೊಂದು ವಿಷಯದಲ್ಲಿದೆ.

ಮುಚ್ಚಿಡುವ ಭಯ

ಎಲ್ಲ ಪಿಡುಗುಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಯೊಂದಿದೆ. ರೋಗವು ಮೊದಲ ಕೊಟ್ಟಿಗೆಯಲ್ಲಿರುವಾಗ ಅದನ್ನು ತಡೆಯುವುದು ಸುಲಭ. ಹತ್ತನೆಯ ಕೊಟ್ಟಿಗೆಗೆ ಬಂದಾಗ ಕಷ್ಟ. ನೂರನೆಯದನ್ನು ಮುಟ್ಟಿದಾಗ ಅಸಾಧ್ಯ. ಆದರೆ ಮೊದಲ ಕೊಟ್ಟಿಗೆಯವನಿಗೆ ರೋಗವನ್ನು ಹೇಳಿಕೊಳ್ಳಲು ಭಯ. ಹೇಳಿದರೆ ತನ್ನ ಹಾಲನ್ನು ಕೊಳ್ಳುವುದಿಲ್ಲವೇನೋ, ಊರವರು ತನ್ನನ್ನು ದೂಷಿಸುವರೇನೋ, ಮಾರಬೇಕೆಂದಿದ್ದ ಕರು ಹಾಗೆಯೇ ಉಳಿಯುವುದೇನೋ ಎಂಬ ಚಿಂತೆ. ಹೀಗೆ ಚಿಂತಿಸಿ ಆತನು ಕಾಯಿಲೆಯ ದನವನ್ನು ರಾತ್ರೋರಾತ್ರಿ ದೂರದ ಸಂತೆಗೆ ಹೊಡೆದುಕೊಂಡು ಹೋದರೆ ರೋಗವೂ ಅವನೊಡನೆ ನಡೆಯುತ್ತದೆ.

ಇವನನ್ನು ಸ್ವಾರ್ಥಿಯೆಂದು ಜರೆಯುವುದರಿಂದ ರೋಗವು ನಿಲ್ಲದು. ಸತ್ಯ ಹೇಳಿದವನು ಒಬ್ಬನೇ ನಷ್ಟ ಅನುಭವಿಸಿ, ಅದರ ಲಾಭವನ್ನು ಊರೆಲ್ಲ ಪಡೆಯುವ ಏರ್ಪಾಟು ನ್ಯಾಯವಾದುದಲ್ಲ. ಎಲ್ಲರ ಹಿತಕ್ಕಾಗಿ ಒಬ್ಬನು ಹೊತ್ತ ಭಾರದಲ್ಲಿ ಎಲ್ಲರೂ ಪಾಲು ಹೊರಬೇಕು. ಪರಿಹಾರಧನವು ಈ ದೃಷ್ಟಿಯಿಂದ ದಾನವಲ್ಲ. ರೋಗತಡೆಯ ಒಂದು ಸಾಧನ. ಅದು ತಡವಾಗಿ ಬಂದರೆ, ಅಲೆದಾಡಿಸಿ ಕೊಟ್ಟರೆ, ಮುಂದಿನ ಸಲ ಮೊದಲ ಕೊಟ್ಟಿಗೆಯವನು ಬಾಯಿ ಬಿಡುವುದಿಲ್ಲ.

ಲಸಿಕೆಯ ವಿಷಯದಲ್ಲಿಯೂ ಇದೇ ಮಾತು. ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದಿಲ್ಲ ಎಂಬ ಅಂಜಿಕೆಯಿಂದ ಹಸುವನ್ನು ಹಿತ್ತಲಿನಲ್ಲಿ ಅಡಗಿಸುವವರಿದ್ದಾರೆ. ಚುಚ್ಚುಮದ್ದಿನ ಬಳಿಕ ಒಂದೆರಡು ದಿನ ಸಣ್ಣ ಜ್ವರ ಬಂದು ಹಾಲು ತುಸು ಇಳಿಯುವುದು ನಿಜ. ಅದನ್ನು ಮರೆಮಾಚದೆ ಮೊದಲೇ ತಿಳಿಸಿ, ರೋಗ ಬಂದರೆ ತಿಂಗಳುಗಟ್ಟಲೆ ಆಗುವ ನಷ್ಟದೊಡನೆ ಹೋಲಿಸಿ ತೋರಿಸಿದರೆ ಮನೆಯ ಗೃಹಿಣಿಗೆ ಲೆಕ್ಕ ಅರ್ಥವಾಗದಿರದು. ಒಂದು ಊರಿನಲ್ಲಿ ಹತ್ತು ಮನೆಗಳು ಲಸಿಕೆಯನ್ನು ಬಿಟ್ಟರೆ ಉಳಿದ ತೊಂಬತ್ತು ಮನೆಗಳ ಶ್ರಮವೂ ಅಪಾಯಕ್ಕೆ ಸಿಲುಕುತ್ತದೆಂಬ ತಿಳಿವು ಊರಿಗೆ ಬರಬೇಕು.

ಶಾಲೆಯ ಪಾಲು

ಗ್ರಾಮೀಣ ಶಾಲೆಯ ಮಕ್ಕಳಲ್ಲಿ ಅನೇಕರು ಬೆಳಗ್ಗೆ ಕೊಟ್ಟಿಗೆಯ ಸಗಣಿ ಬಳಿದು, ದನಕ್ಕೆ ಮೇವು ಹಾಕಿ ತರಗತಿಗೆ ಬರುವವರು. ದನ ಮೇವು ಬಿಟ್ಟುದನ್ನು ಮೊದಲು ಕಾಣುವ ಕಣ್ಣು ಅವರದೇ. ಜೊಲ್ಲು ಸುರಿಸಿ ಕುಂಟುವ ದನವನ್ನು ಬೇರೆ ಕಟ್ಟಬೇಕು, ಅದರ ನೀರಿನ ತೊಟ್ಟಿಯನ್ನು ಬೇರೆ ಮಾಡಬೇಕು, ಹೊಸದಾಗಿ ಕೊಂಡು ತಂದ ದನವನ್ನು ಎರಡು ಮೂರು ವಾರ ಹಿಂಡಿಗೆ ಸೇರಿಸಬಾರದು, ಹಠಾತ್ತನೆ ಸತ್ತ ದನವನ್ನು ಕೊಯ್ಯಬಾರದು, ಎಲ್ಲಕ್ಕಿಂತ ಮೊದಲು ಪಶುವೈದ್ಯರಿಗೆ ತಿಳಿಸಬೇಕು ಎಂಬ ನಾಲ್ಕಾರು ಮಾತುಗಳನ್ನು ವಿಜ್ಞಾನದ ಪಾಠದೊಡನೆ ಕಲಿಸುವುದು ಉಪಾಧ್ಯಾಯರಿಗೆ ಕಷ್ಟವಲ್ಲ. ಮಗುವಿನ ಬಾಯಿಂದ ಈ ಮಾತು ಮನೆಯ ಹಿರಿಯರ ಕಿವಿಗೆ ಮುಟ್ಟುತ್ತದೆ.

ಊರಿನಿಂದ ಹೊರಗೆ ನೆಲೆಸಿದ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ಕಾರ್ಯದಲ್ಲಿ ಕೈಗೂಡಿಸಬಹುದು. ಲಸಿಕೆಯ ದಿನ ದನವನ್ನು ಅಲುಗದಂತೆ ನಿಲ್ಲಿಸಲು ಒಂದು ಭದ್ರವಾದ ಮರದ ಕಟ್ಟು, ರೋಗದ ದನಗಳನ್ನು ಪ್ರತ್ಯೇಕವಾಗಿಡಲು ಊರ ಹೊರಗೆ ಒಂದು ಚಪ್ಪರ, ಎತ್ತು ಕಳೆದುಕೊಂಡ ಬಡವನ ಹೊಲವನ್ನು ಹದ ಆರುವ ಮೊದಲು ಉಳಿಸಿಕೊಡಲು ಒಂದು ಸಣ್ಣ ನಿಧಿ ಇವು ದೊಡ್ಡ ವೆಚ್ಚದ ಕಾರ್ಯಗಳಲ್ಲ. ಅನ್ನದಾಸೋಹದ ಪರಂಪರೆಯನ್ನು ಬಲ್ಲವರಿಗೆ ಅನ್ನವನ್ನು ಬೆಳೆಯುವ ಎತ್ತಿನ ರಕ್ಷಣೆಯೂ ಅದರ ಮುಂದುವರಿಕೆಯೆಂದು ಬೇರೆ ಹೇಳಬೇಕಾಗಿಲ್ಲ.

ಟ್ರ್ಯಾಕ್ಟರು ಬಂದ ಬಳಿಕ ಎತ್ತುಗಳ ಸಂಖ್ಯೆ ಇಳಿದಿರುವುದು ನಿಜ. ಒಂದು ಪಿಡುಗು ಬಂದು ಹೋದಾಗಲೆಲ್ಲ ಕೆಲವು ಮನೆಗಳು ಮತ್ತೆ ದನ ಕಟ್ಟುವ ಧೈರ್ಯವನ್ನು ಕಳೆದುಕೊಳ್ಳುತ್ತವೆ. ಖಾಲಿಯಾದ ಗೂಟ, ಬೂಸ್ಟು ಹಿಡಿದ ಗೋದಲಿ, ಗೋಡೆಗೆ ಒರಗಿಸಿದ ನೊಗ ಇವು ಅಂತಹ ಮನೆಗಳಲ್ಲಿ ಇಂದಿಗೂ ಕಾಣುತ್ತವೆ. ಆ ಧೈರ್ಯವನ್ನು ಉಳಿಸುವುದು ಒಬ್ಬ ವೈದ್ಯನಿಂದಾಗಲಿ ಒಂದು ಸೂಜಿಯಿಂದಾಗಲಿ ಆಗುವ ಕೆಲಸವಲ್ಲ. ಹಿಂದೆ ತುರುಗಾಳಗಕ್ಕೆ ಊರೇ ಎದ್ದು ನಿಂತಿತು. ದೊಡ್ಡರೋಗವನ್ನು ಕಳೆಯಲು ದೇಶವೇ ಎದ್ದು ನಿಂತಿತು. ಉಳಿದ ಪಿಡುಗುಗಳ ಮುಂದೆಯೂ ದಾರಿ ಅದೊಂದೇ: ಮೊದಲ ಕೊಟ್ಟಿಗೆಯ ಕಷ್ಟವನ್ನು ಊರೆಲ್ಲ ತನ್ನದೆಂದು ಭಾವಿಸುವುದು.